ಗುಡಿಗೆ ಅಂಟಿಕೊಂಡ ಮನೆಗಳು

ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದ ಕಾಲದಿಂದಲೂ ಕನ್ನಡಿಗರು ಯುರೋಪಿನ ನಗರಗಳ ಬಗ್ಗೆ ಬರೆಯುತ್ತಲೇ ಬಂದಿದ್ದಾರೆ. ಈಗ ಅಲ್ಲಿಂದ ಬಂದವರಲ್ಲಿ ಹೆಚ್ಚಿನವರು ಆಡುವ ಮಾತು ಒಂದೇ: ಹಳೆಯದನ್ನು ಅವರು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ! ಉಳಿದದ್ದು ಹೇಗೆ ಎಂದು ಕೇಳುವವರು ಕಡಿಮೆ. ರೋಮಿನ ಪ್ಯಾಂಥಿಯನ್ 609ರಲ್ಲಿ ಚರ್ಚಾಯಿತು, ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಅದೇ ಊರಿನ ಕೊಲೋಸಿಯಮ್ಮಿಗೆ ಅಂಥ ದಿನಬಳಕೆಯ ಆಸರೆ ಉಳಿಯಲಿಲ್ಲ. ಶತಮಾನಗಳ ಕಾಲ ಜನ ಅದರ ಕಲ್ಲು ಕಿತ್ತು ಬೇರೆ ಕಟ್ಟಡಗಳಿಗೆ ಹಾಕಿಕೊಂಡರು. ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ನನ ಅರಮನೆಯ ಗೋಡೆಗಳೊಳಗೇ ಮನೆಗಳಿವೆ, ಅಂಗಡಿಗಳಿವೆ. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹೀಗೆ ಜನ ತುಂಬಿದ ಅರಮನೆಯನ್ನೇ. ಜನರ ಬದುಕಿನ ಜೊತೆಗಿದ್ದ ಕಟ್ಟಡಕ್ಕೆ ಆಯುಷ್ಯ ಹೆಚ್ಚು ಎಂಬ ಈ ಅಳತೆಗೋಲನ್ನು ಹಿಡಿದು ಬಾಗಲಕೋಟೆಯಿಂದ ಇಳಕಲ್ಲಿನವರೆಗಿನ ದಾರಿಯನ್ನು ನೋಡಬೇಕೆಂಬುದು ನನ್ನ ಪ್ರವಾಸದ ಉದ್ದೇಶವಾಗಿತ್ತು.

ಬಾಗಲಕೋಟೆಯಲ್ಲಿ ನೋಡುವುದೇನಿದೆ ಎಂದು ಪ್ರವಾಸಿಗಳು ನೇರ ಬಾದಾಮಿಗೆ ಹೋಗಿಬಿಡುತ್ತಾರೆ. ನೋಡಬೇಕಾದದ್ದು ಇದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಅಗಲವಾದ ರಸ್ತೆ, ಸೆಕ್ಟರುಗಳ ಲೆಕ್ಕ, ಸಾಲು ಕಚೇರಿ ಎಲ್ಲವೂ ಅಲ್ಲಿವೆ. ಆದರೂ ಹೋಳಿ ಹುಣ್ಣಿಮೆ ಬಂತೆಂದರೆ ಹಲಗೆಯ ಸದ್ದು ಏಳುವುದು, ಬಣ್ಣದ ಬಂಡಿಗಳು ಹೊರಡುವುದು ಉಳಿದಿರುವ ಹಳೆಯ ಪೇಟೆಯ ಓಣಿಗಳಲ್ಲಿ. ಯುದ್ಧದಲ್ಲಿ ನೆಲಸಮವಾದ ವಾರ್ಸಾದ ಹಳೆಯ ಪೇಟೆಯನ್ನು ಪೋಲೆಂಡಿನವರು ಮತ್ತೆ ಕಟ್ಟಿಕೊಂಡರು. ನಾವು ಉಳಿದಿರುವ ಓಣಿಗಳನ್ನಾದರೂ ನೋಡತಕ್ಕ ಜಾಗವೆಂದು ಎಣಿಸಿಲ್ಲವಲ್ಲ ಎಂಬ ನೋವು ನನ್ನದು.

ಬಾದಾಮಿಯಲ್ಲಿ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟಕ್ಕೆ ಕೋಟೆ ಕಟ್ಟಿದ. 578ರಲ್ಲಿ ಮಂಗಲೇಶ ಮೂರನೆಯ ಗುಹೆಯಲ್ಲಿ ಶಾಸನ ಕೆತ್ತಿಸಿದ. ಗುಹೆಯ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡಿದರೆ ಅಗಸ್ತ್ಯ ತೀರ್ಥ, ಅದರ ದಂಡೆಗೆ ಬಟ್ಟೆ ಸೆಳೆಯುವ ಹೆಂಗಸರು, ಅಲ್ಲಿಂದಲೇ ಶುರುವಾಗುವ ಮನೆಗಳ ಮಾಳಿಗೆಗಳು. ಪ್ರವಾಸಿಗಳ ಫೋಟೊಗಳಲ್ಲಿ ಸಾಮಾನ್ಯವಾಗಿ ಈ ಮನೆಗಳು ಇರುವುದಿಲ್ಲ, ಕ್ಯಾಮೆರಾ ಭೂತನಾಥನ ಗುಡಿಯ ಕಡೆ ತಿರುಗಿರುತ್ತದೆ. 2010ರ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಕಾಯ್ದೆಯ ಉದ್ದೇಶವನ್ನು ನಾನು ಪ್ರಶ್ನಿಸುವುದಿಲ್ಲ. ತಲೆತಲಾಂತರದಿಂದ ಕೆರೆಯ ದಂಡೆಯಲ್ಲಿರುವ ಮನೆಯನ್ನೂ ನಿನ್ನೆ ಎದ್ದ ಲಾಡ್ಜನ್ನೂ ಒಂದೇ ಟೇಪಿನಲ್ಲಿ ಅಳೆಯುವುದು ಮಾತ್ರ ಸರಿ ಕಾಣುವುದಿಲ್ಲ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಗುಡಿಯೇ ಮನೆಯಾಗಿತ್ತು. ಲಾಡ್ ಖಾನ್ ಎಂಬಾತ ವಾಸವಾಗಿದ್ದ ಗುಡಿಗೆ ಇಂದಿಗೂ ಅವನದೇ ಹೆಸರು. ಮೇಗುಟಿ ಬೆಟ್ಟದ ಮೇಲೆ 634ರ ರವಿಕೀರ್ತಿಯ ಶಾಸನವಿದೆ. ಕೆಳಗೆ ಊರು ನೂರಕ್ಕೂ ಹೆಚ್ಚು ಗುಡಿಗಳ ನಡುವೆ ಹೆಣೆದುಕೊಂಡಿದೆ. ಊರನ್ನೇ ಬೇರೆಡೆಗೆ ಒಯ್ಯುವ ಮಾತು ಬಹಳ ಕಾಲದಿಂದ ಇದೆ. ಅದಕ್ಕೆ ಕೊಡುವ ಕಾರಣ ಸುಳ್ಳಲ್ಲ: ಗುಡಿಯ ಗೋಡೆಗೆ ದನ ಕಟ್ಟಿದರೆ, ಒಲೆಯ ಹೊಗೆ ಹಿಡಿದರೆ ಶಿಲ್ಪ ಕೆಡುತ್ತದೆ. ಬಳಕೆಯೇ ಕಾಪಾಡುತ್ತದೆ ಎಂಬುದಕ್ಕೂ ಮಿತಿಯಿದೆ; ಪ್ಯಾಂಥಿಯನ್ನಿನ ಮುಖಮಂಟಪದ ಕಂಚನ್ನು ಕಿತ್ತು ಕರಗಿಸಿದವನು ಒಬ್ಬ ಪೋಪನೇ. ಆದರೆ ಇಲ್ಲಿಂದ ಹೊರಡುವ ತೀರ್ಮಾನ ಬಳಕೆಗೆ ಕಟ್ಟುಪಾಡು ಬೇಕೆಂಬುದು, ಬಳಸುವವರೇ ಬೇಡವೆಂಬುದಲ್ಲ. ಹತ್ತಿರದ ಪಟ್ಟದಕಲ್ಲನ್ನೇ ನೋಡಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಆ ಆವರಣದಲ್ಲಿ ಪೂಜಾರಿಯೂ ಸಂರಕ್ಷಣೆಯವರೂ ಒಟ್ಟಿಗೇ ಇದ್ದಾರೆ. ಗುಡಿಯೊಳಗೆ ಸಾಧ್ಯವಾದದ್ದು ಗುಡಿಯ ಪಕ್ಕದ ಓಣಿಯಲ್ಲಿ ಏಕೆ ಸಾಧ್ಯವಿಲ್ಲ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ವೆನಿಸಿನಿಂದ ಬರುತ್ತದೆ. 1950ರ ಸುಮಾರಿಗೆ ಅಲ್ಲಿನ ಹಳೆಯ ನಗರದಲ್ಲಿ 1,70,000ಕ್ಕೂ ಹೆಚ್ಚು ಜನರಿದ್ದರು, ಈಗ 50,000ಕ್ಕಿಂತ ಕಡಿಮೆ. ಯಾರೂ ಅವರನ್ನು ಎಬ್ಬಿಸಲಿಲ್ಲ. ಮನೆಗಳು ಪ್ರವಾಸಿಗಳ ವಸತಿಯಾದವು, ಬಾಡಿಗೆ ಏರಿತು, ಊರವರು ಹೊರಟರು. 2024ರಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ನಗರ ಪ್ರವೇಶ ಶುಲ್ಕ ಹಾಕಬೇಕಾಯಿತು. ಜನರನ್ನು ಉಳಿಸಿಕೊಂಡರೂ ಪ್ರವಾಸೋದ್ಯಮವೇ ಅವರನ್ನು ನುಂಗುವುದಾದರೆ ನನ್ನ ವಾದಕ್ಕೆ ಏನು ಬೆಲೆ? ಈ ಪ್ರಶ್ನೆಗೆ ಉತ್ತರ ಕಂಡದ್ದು ಐಹೊಳೆಯಿಂದ ಕರದಂಟಿನ ಅಮೀನಗಡ ದಾಟಿ, ಹುನಗುಂದ ಹಾದು ಇಳಕಲ್ಲಿಗೆ ಬಂದಾಗ.

ಇಳಕಲ್ಲು ಪ್ರವಾಸಿಗಳನ್ನು ನಂಬಿದ ಊರಲ್ಲ. ಅಲ್ಲಿ ನೇಯುವ ಸೀರೆಯ ಗಿರಾಕಿ ಉತ್ತರ ಕರ್ನಾಟಕದ, ಮಹಾರಾಷ್ಟ್ರದ ಹೆಣ್ಣುಮಕ್ಕಳು. ಮದುವೆಗೆ, ಸೀಮಂತಕ್ಕೆ, ಹಬ್ಬಕ್ಕೆ ಉಡುವವರು. ಕುಣಿಮಗ್ಗದಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಕೈಯಿಂದಲೇ ಆಗಬೇಕು. ಚಿಕ್ಕಿ ಪರಾಸು, ಗೋಮಿ ಅಂಚುಗಳು, ಕೆಂಪು ಬಿಳುಪಿನ ತೋಪು ತೆನಿ ಸೆರಗು ಉಳಿದಿರುವುದು ಉಡುವವರಿರುವುದರಿಂದ. ಅಪಾಯ ಇಲ್ಲಿಯೂ ಇದೆ: ವಿದ್ಯುತ್ ಮಗ್ಗದ ಅಗ್ಗದ ನಕಲು ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ, ಭೌಗೋಳಿಕ ಗುರುತು ಸಿಕ್ಕರೂ ಆ ಮಾರಾಟ ನಿಂತಿಲ್ಲ. ಆದರೂ ವೆನಿಸಿಗಿಲ್ಲದ ಬಲವೊಂದು ಈ ಊರಿಗಿದೆ. ನೋಡುವವರು ಬಾರದಿದ್ದರೂ ಅದಕ್ಕೆ ಕೆಲಸವಿದೆ. ಬಾದಾಮಿ, ಐಹೊಳೆಗಳಿಗೂ ಬೇಕಾದದ್ದು ಇಂಥ ದುಡಿಮೆಯೇ: ಬೆಳೆಗೆ ಬೆಲೆ, ಕಲ್ಲುಕುಟಿಗರಿಗೆ ಗುಡಿಗಳ ದುರಸ್ತಿಯಲ್ಲಿ ಪಾಲು, ಹಳೆಯ ಮನೆಯ ಮಾಳಿಗೆಯನ್ನು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿಕೊಳ್ಳಲು ಸರಳ ಅನುಮತಿ ಮತ್ತು ಸಹಾಯಧನ. ಸಾಮಾನ್ಯ ಪ್ರವಾಸಿ ಐಹೊಳೆಯಿಂದಲೇ ಹಿಂದಿರುಗುತ್ತಾನೆ. ಆ ದಾರಿಯನ್ನು ಇಳಕಲ್ಲಿನ ಮಗ್ಗದ ಓಣಿಯವರೆಗೆ ಎಳೆಯುವುದು, ಟಿಕೇಟಿನ ಹಣದಲ್ಲಿ ಒಂದು ಪಾಲನ್ನು ಆಯಾ ಊರಿನ ಪಂಚಾಯಿತಿಗೆ ಕೊಡುವುದು, ಸ್ಥಳಾಂತರದ ಮಾತಿಗೆ ಮುಂಚೆ ಮಾಡಬಹುದಾದ ಕೆಲಸಗಳು.