ಮೂರು ಸ್ವರದ ಸಿಳ್ಳೆ

ಸೆಪ್ಟೆಂಬರ್ 15, 2024, ಭಾನುವಾರ

ಹೊಸಕೋಟೆ ದಾಟುವ ತನಕ ಇಬ್ಬರೂ ಒಂದೇ ಸಮನೆ ಕಿರುಚಿದರು. ಎಚ್ ಕ್ರಾಸ್ ಹತ್ತಿರ ಬರುವಷ್ಟರಲ್ಲಿ ಸದ್ದೇ ಇಲ್ಲ. ಹೊದಿಸಿದ್ದ ಬಟ್ಟೆ ಸರಿಸಿ ನೋಡಿದೆ. ಪಂಜರದ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದರು, ತಲೆಯ ಜುಟ್ಟು ನೆಟ್ಟಗೆ ನಿಂತಿತ್ತು. ಹಾಗೆ ನಿಂತರೆ ಗಾಬರಿ. ಅಷ್ಟು ಓದಿಕೊಂಡೇ ಹೋಗಿದ್ದೆ.

ಗಂಡು ಮುನ್ನ. ಬೂದು ಮೈ, ಹಳದಿ ಮುಖ, ಎರಡೂ ಕೆನ್ನೆಗೆ ಕಿತ್ತಳೆ ಬೊಟ್ಟು. ಹೆಣ್ಣು ಜಿಲೇಬಿ. ಮೈಯೆಲ್ಲ ಕೆನೆಹಳದಿ, ಜುಟ್ಟಿನ ಹಿಂದೆ ಒಂದಿಷ್ಟು ಜಾಗದಲ್ಲಿ ಗರಿಯೇ ಇಲ್ಲ. ಕಾಯಿಲೆಯೇನೋ ಅಂದುಕೊಂಡೆ. ಆ ಬಣ್ಣದ ಕಾಕಟೀಲ್ ಗಿಳಿಗಳಲ್ಲಿ ಹಲವಕ್ಕೆ ಹುಟ್ಟಿನಿಂದಲೇ ಹಾಗಿರುತ್ತದಂತೆ. ಅವರನ್ನು ಸಾಕಿದ ಬೆಂಗಳೂರಿನ ಸಂಸಾರ ಮುಂದಿನ ವಾರ ಜರ್ಮನಿಗೆ ಹೊರಡುತ್ತಿದೆ. ಇಬ್ಬರಿಗೂ ಆರು ವರ್ಷ. ಚೆನ್ನಾಗಿ ನೋಡಿಕೊಂಡರೆ ಈ ಜಾತಿ ಹದಿನೈದು, ಇಪ್ಪತ್ತು ವರ್ಷ ಬಾಳುತ್ತದೆ. ಅಂದರೆ ಇವರ ಆಯುಷ್ಯದ ದೊಡ್ಡ ಪಾಲು ಇನ್ನು ನಮ್ಮ ಮನೆಯಲ್ಲಿ. ಅದನ್ನು ನೆನೆದರೆ ಸ್ವಲ್ಪ ಭಯವೂ ಆಗುತ್ತದೆ.

ಆ ಮನೆಯ ಹುಡುಗಿ ಬಾಗಿಲ ತನಕವೂ ಬರಲಿಲ್ಲ. ಒಳಗಿನಿಂದಲೇ ತಾಯಿಯ ಕೈಲಿ ಒಂದು ಹಾಳೆ ಕಳಿಸಿದಳು: ಮುನ್ನನಿಗೆ ಕೆಂಪು ಬಟ್ಟೆ ಆಗದು, ಜಿಲೇಬಿಗೆ ಕೊತ್ತಂಬರಿ ಇಷ್ಟ, ರಾತ್ರಿ ದೀಪ ಪೂರ್ತಿ ಆರಿಸಬೇಡಿ. ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ.

ಬೇರೆ ಹೆಸರು ಇಡೋಣವಾ ಎಂದು ಮಗ ಕೇಳಿದ. ಬೇಡ. ಹಳೆಯ ಪಂಜರ, ಹಳೆಯ ಕೋಲು, ಅಂಚು ಸೊಟ್ಟಗಾದ ಸ್ಟೀಲ್ ಬಟ್ಟಲು, ಯಾವುದನ್ನೂ ಬದಲಿಸುವುದಿಲ್ಲ. ಮನೆ ಬದಲಾಗಿದ್ದೇ ಅವರಿಗೆ ಸಾಕು.

ಸೆಪ್ಟೆಂಬರ್ 18, ಬುಧವಾರ

ತಿನ್ನುತ್ತಿಲ್ಲ. ನಾವು ಎದುರಿಗಿದ್ದರಂತೂ ಕಾಳಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಚಿಕ್ಕ ಡಬ್ಬಿಯಿಟ್ಟು ಮುನ್ನನನ್ನು ತೂಗಿದೆ, 84 ಗ್ರಾಂ. ಇಷ್ಟು ಸಣ್ಣ ಮೈಯಲ್ಲಿ ಹತ್ತರಲ್ಲೊಂದು ಪಾಲು ಕರಗಿದರೂ ಅಪಾಯ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಏಕೆಂದರೆ ಬಯಲಿನಲ್ಲಿ ಸೊರಗಿದ್ದನ್ನೇ ಹದ್ದು ಮೊದಲು ಹಿಡಿಯುತ್ತದೆ. ಕಣ್ಣಿಗೆ ಕಾಣುವ ಮೊದಲು ತಕ್ಕಡಿಗೆ ಗೊತ್ತಾಗುತ್ತದೆ. ದಿನಾ ಬೆಳಗ್ಗೆ ತೂಗುವುದೆಂದು ತೀರ್ಮಾನ.

ಮನೆಯನ್ನೂ ತಿದ್ದಬೇಕಾಯಿತು. ನಾನ್‌ಸ್ಟಿಕ್ ತವ ಅಟ್ಟ ಸೇರಿತು. ಅದು ಅತಿಯಾಗಿ ಕಾದಾಗ ಏಳುವ ಆವಿ ನಮಗೆ ತಿಳಿಯುವುದೇ ಇಲ್ಲ, ಪಕ್ಕದ ಕೋಣೆಯ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ. ಹಾರಲು ಬೇಕಾದ ಪ್ರಾಣವಾಯುವನ್ನು ಅದು ನಮಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ, ವಿಷವನ್ನೂ ಅಷ್ಟೇ ಚೆನ್ನಾಗಿ. ಸೊಳ್ಳೆ ಬತ್ತಿ, ನುಸಿಗುಳಿಗೆ ಎರಡೂ ಹೊರಗೆ. ಹಕ್ಕಿ ಪಂಜರದಿಂದ ಆಚೆ ಇರುವಾಗ ಫ್ಯಾನ್ ಇಲ್ಲ.

ಉಳಿದದ್ದು ಅಮ್ಮನ ಊದುಬತ್ತಿ. ಹೇಗೆ ಹೇಳುವುದೆಂದು ಸಂಜೆಯವರೆಗೆ ತೊಳಲಾಡಿದೆ. ಹೇಳಿದಾಗ ಅಮ್ಮ, "ಅದಕ್ಕೇನು, ದೇವರಿಗೆ ಹೂವು ಸಾಕು" ಅಂದುಬಿಟ್ಟಳು. ಪಂಜರದ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ತೆಲುಗಿನಲ್ಲಿ ಮಾತು ಶುರು ಮಾಡಿದಳು, "ಭಯಪಡಾಕಮ್ಮಾ". ಮದನಪಲ್ಲಿಯಿಂದ ಚಿಂತಾಮಣಿಗೆ ಸೊಸೆಯಾಗಿ ಬಂದವಳು, ಮುದ್ದು ಮಾಡುವಾಗ ಇವತ್ತಿಗೂ ತೆಲುಗೇ. "ನಾನೂ ಬಂದ ಹೊಸದರಲ್ಲಿ ಯಾರೆದುರೂ ಉಣ್ಣುತ್ತಿರಲಿಲ್ಲ ಕಣೇ. ಇವೂ ಹಂಗೇ. ನೋಡ್ತಾ ನಿಂತ್ಕೋಬೇಡ" ಅಂದಳು.

ಸೆಪ್ಟೆಂಬರ್ 29, ಭಾನುವಾರ

ನೋಡುತ್ತಾ ನಿಲ್ಲುವುದನ್ನು ಬಿಟ್ಟೆ. ಶಾಲೆಯಿಂದ ತಂದ ಉತ್ತರಪತ್ರಿಕೆಗಳನ್ನು ಪಂಜರದ ಪಕ್ಕದಲ್ಲೇ, ಅರ್ಧ ಬೆನ್ನು ಹಾಕಿ ಕೂತು, ಮೆಲ್ಲನೆ ಓದಿಕೊಂಡು ತಿದ್ದುತ್ತೇನೆ. ಎರಡು ಕಣ್ಣನ್ನೂ ನೆಟ್ಟು ಎದುರಿನಿಂದ ನೋಡುವುದು ಬೇಟೆಗಾರರ ನೋಟ. ಬೇಟೆಯಾಗುವ ಜೀವಿಗೆ ಅದು ಚೆನ್ನಾಗಿ ಗೊತ್ತು. ಬೆನ್ನು ಹಾಕಿದ ಮೇಲೆ ಕಾಳು ಒಡೆಯುವ ಸದ್ದು ಕೇಳತೊಡಗಿತು. ಜಿಲೇಬಿ ಮೊದಲು, ಮುನ್ನ ಆಮೇಲೆ.

ಇನ್ನೊಂದು ಸಂಗತಿ. ಸಂಜೆ ನಾಲ್ಕರ ಸುಮಾರಿಗೆ ಮುನ್ನ ಬಾಗಿಲ ಕಡೆ ತಿರುಗಿ ಮೂರು ಸ್ವರದ ಸಿಳ್ಳೆ ಹಾಕುತ್ತಾನೆ. ಎರಡು ಏರು, ಒಂದು ಇಳಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹಾಕುತ್ತಾನೆ. ಅಮ್ಮ ದಿನವೂ ಕೇಳುತ್ತಿದ್ದಳಂತೆ, ರಜೆಯ ದಿನ ಮನೆಯಲ್ಲಿದ್ದುದರಿಂದ ನಾನೂ ಕೇಳಿದೆ. ಜರ್ಮನಿಗೆ ಫೋನ್ ಮಾಡಿ ವಿಚಾರಿಸಿದೆ. ಶಾಲೆಯಿಂದ ಬಂದು ಚೀಲ ಕೆಳಗಿಡುತ್ತಾ ಮಗಳು ಹಾಕುತ್ತಿದ್ದ ಸಿಳ್ಳೆ ಅದು ಎಂದರು ಆ ತಾಯಿ. ಮೊದಲು ಅವನು ಹಾಕಬೇಕು, ಆಮೇಲೆ ಅವಳು. ಹೇಳುತ್ತಾ ಹೇಳುತ್ತಾ ಅವರ ದನಿ ಕಟ್ಟಿತು. ನನಗೂ ಮಾತು ಹೊರಡಲಿಲ್ಲ.

ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಲ್ಲಿ ಹಿಂಡು ಕಟ್ಟಿಕೊಂಡು ಕಾಳು ಹೆಕ್ಕುವ ಹಕ್ಕಿಗಳಿವು. ಕಣ್ಣಿಗೆ ಮರೆಯಾದವರನ್ನು ಕೂಗಿ ಕರೆಯುವುದು, ಉತ್ತರ ಬರುವವರೆಗೆ ಕರೆಯುತ್ತಲೇ ಇರುವುದು ಹಿಂಡಿನ ಪದ್ಧತಿ. ಉತ್ತರ ಬಾರದ ಕರೆಯನ್ನು ಇವನು ದಿನವೂ ಕರೆಯುತ್ತಿದ್ದಾನೆ.

ಅಕ್ಟೋಬರ್ 13, ಭಾನುವಾರ

ದಸರಾ ರಜೆ. ಮೈಸೂರಿನ ಅಕ್ಕ ಫೋನಿನಲ್ಲಿ ಗದರಿದಳು: ಒಂದು ಕೈಗೆ ಕಚ್ಚಿದೆ, ಇನ್ನೊಂದು ಹತ್ತಿರವೇ ಬರಲ್ಲ, ಯಾಕೆ ಬೇಕು ನಿನಗೆ, ಶುಕವನಕ್ಕೆ ಕೊಟ್ಟುಬಿಡು. ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನವನ್ನು ನಾನೂ ನೋಡಿದ್ದೇನೆ. ಒಂದೇ ಪಕ್ಷಿಧಾಮದಲ್ಲಿ 468 ಜಾತಿಯ ಹಕ್ಕಿಗಳೆಂದು 2017ರಲ್ಲಿ ಗಿನ್ನಿಸ್ ದಾಖಲೆಯಾದ ಜಾಗ, ಗಾಯಗೊಂಡ ಹಕ್ಕಿಗಳಿಗೆ ಆಸ್ಪತ್ರೆಯೂ ಇದೆ. ದಿಕ್ಕಿಲ್ಲದ ಗಿಳಿಗೆ ಅಂಥ ಆಸರೆ ಇರುವುದು ದೊಡ್ಡದು. ಇವರಿಗೆ ದಿಕ್ಕಿದೆ. ತಿಂಗಳೊಪ್ಪತ್ತಿನಲ್ಲಿ ಮೂರನೆಯ ಮನೆಗೆ ಅಟ್ಟಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಚ್ಚಿದ ವಿಷಯ. ಕಚ್ಚುವ ಮೊದಲು ಮುನ್ನ ಜುಟ್ಟನ್ನು ತಲೆಗೆ ಅಂಟಿಸಿ, ಕತ್ತು ಚಾಚಿ, ಬುಸ್ಸೆನ್ನುತ್ತಾನೆ. ಸಾಕಷ್ಟು ಸ್ಪಷ್ಟವಾಗಿಯೇ ಹೇಳುತ್ತಾನೆ. ಆ ಹೊತ್ತಿಗೆ ಕೈ ಹಿಂದೆಗೆದರೆ ಕಚ್ಚುವ ಅಗತ್ಯವೇ ಅವನಿಗಿಲ್ಲ. ಬೇಡ ಅಂದಾಗ ಕೇಳಿಸಿಕೊಳ್ಳುವವಳು ಎಂದು ಗೊತ್ತಾದ ಮೇಲೆ ಬೇಡ ಅನ್ನುವುದೇ ಕಡಿಮೆಯಾಗಿದೆ. ಮನೆಗೆ ಬಂದ ನೆಂಟರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಇವತ್ತು ನಾಲ್ಕಕ್ಕೆ ಸಿಳ್ಳೆ ಬಂದಾಗ ನಾನು ಉತ್ತರ ಕೊಟ್ಟೆ. ರಜೆಯುದ್ದಕ್ಕೂ ಮಹಡಿಯ ಮೇಲೆ ಹೋಗಿ ಕಲಿತ ಸಿಳ್ಳೆ. ಮುನ್ನ ತಲೆ ವಾಲಿಸಿ ನನ್ನನ್ನು ಒಂದೇ ಕಣ್ಣಿನಿಂದ ಬಹಳ ಹೊತ್ತು ನೋಡಿದ. ಮತ್ತೆ ಹಾಕಿದ. ಮತ್ತೆ ಉತ್ತರಿಸಿದೆ. ನಾನು ಆ ಹುಡುಗಿಯಲ್ಲ ಎಂಬುದು ಅವನಿಗೆ ಗೊತ್ತು. ಆದರೂ ಕರೆದರೆ ಓಗೊಡುವ ಜೀವವೊಂದು ಈ ಮನೆಯಲ್ಲೂ ಇದೆ ಎಂದಾದರೂ ಗೊತ್ತಾಯಿತಲ್ಲ.

ನವೆಂಬರ್ 1, ಶುಕ್ರವಾರ

ದೀಪಾವಳಿಯ ಭಯಕ್ಕೆ ಪಂಜರವನ್ನು ನಿನ್ನೆಯೇ ಒಳಕೋಣೆಗೆ ಸೇರಿಸಿ, ಕಿಟಕಿಗೆ ಜಮಖಾನ ಕಟ್ಟಿ, ಸಣ್ಣ ದೀಪ ಉರಿಸಿಟ್ಟಿದ್ದೆವು. ಆದರೂ ರಾತ್ರಿ ಬೀದಿಯಲ್ಲಿ ಲಕ್ಷ್ಮಿ ಪಟಾಕಿ ಸಿಡಿದಾಗ ಜಿಲೇಬಿ ಪಂಜರದ ತುಂಬ ಬಡಿದುಕೊಂಡಳು. ಈ ಜಾತಿಗೆ ಇರುಳಿನ ಗಾಬರಿ ಹೆಚ್ಚು. ಕತ್ತಲಲ್ಲಿ ದಿಕ್ಕು ಕಾಣದೆ ರೆಕ್ಕೆ ಮುರಿದುಕೊಳ್ಳುವುದೂ ಉಂಟು. ದೀಪ ಆರಿಸಬೇಡಿ ಎಂದು ಆ ಹುಡುಗಿ ಬರೆದದ್ದು ಅದಕ್ಕೇ. ಒಂದು ಹನಿ ರಕ್ತ, ರೆಕ್ಕೆಯ ತುದಿಯಲ್ಲಿ. ಜೋಳದ ಹಿಟ್ಟು ಒತ್ತಿದಾಗ ನಿಂತಿತು.

ನಡುರಾತ್ರಿಯವರೆಗೆ ಅಮ್ಮ ಅಲ್ಲೇ ಕೂತಿದ್ದಳು. "ರಾ ತಲ್ಲೀ, ರಾ ತಲ್ಲೀ", ಬಾ ತಾಯಿ ಎಂದು ಒಂದೇ ಧಾಟಿಯಲ್ಲಿ. ಕೊನೆಗೆ ಜಿಲೇಬಿ ಕೊಕ್ಕಿಗೆ ಕೊಕ್ಕು ತಿಕ್ಕುವ ಸಣ್ಣ ಕರಕರ ಸದ್ದು ಮಾಡಿದಳು. ನಿದ್ದೆಗೆ ಮೊದಲು ನೆಮ್ಮದಿಯಾದಾಗ ಮಾಡುವ ಸದ್ದು ಅದು. ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿದ್ದು.

ನವೆಂಬರ್ 24, ಭಾನುವಾರ

ಬೆಂಗಳೂರಿನಲ್ಲಿ ಇಬ್ಬರೂ ಹೆಚ್ಚಾಗಿ ಸೂರ್ಯಕಾಂತಿ ಬೀಜವನ್ನೇ ತಿಂದುಕೊಂಡಿದ್ದರು. ಎಣ್ಣೆ ಜಾಸ್ತಿ, ಎ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ಥಟ್ಟನೆ ಬಿಡಿಸಿದರೆ ಉಪವಾಸ ಬೀಳುತ್ತಾರೆ, ಹಾಗಾಗಿ ಸ್ವಲ್ಪಸ್ವಲ್ಪವೇ ಬದಲಾವಣೆ. ಪಟ್ಟಣದ ಅಂಗಡಿಗಳಲ್ಲಿ ಹಕ್ಕಿಗೆಂದು ದುಬಾರಿಗೆ ಮಾರುವ ತೆನೆ ಬೇರೇನಲ್ಲ, ನವಣೆ. ಪರಿಚಯದ ರೈತರೊಬ್ಬರು ಒಂದು ಕಟ್ಟು ಕೊಟ್ಟರು. ತೆನೆಯ ಒಂದು ತುದಿ ನನ್ನ ಬೆರಳಲ್ಲಿ, ಇನ್ನೊಂದು ಮುನ್ನನ ಕೊಕ್ಕಿನಲ್ಲಿ. ಮೊಳಕೆ ರಾಗಿ, ನುಗ್ಗೆಸೊಪ್ಪು, ತುರಿದ ಕ್ಯಾರೆಟ್ ಕೂಡ ಸೇರುತ್ತಿದೆ. ಬೆಣ್ಣೆಹಣ್ಣು ಮಾತ್ರ ಹತ್ತಿರವೂ ಸುಳಿಯಕೂಡದು, ಅದು ಗಿಳಿಗೆ ವಿಷ. ಕಡಲೆಕಾಯಿಯೂ ಬೇಡವೆಂದು ನಿಶ್ಚಯಿಸಿದೆ. ನಮ್ಮ ಸೀಮೆಯ ಬೆಳೆಯೇ ಆದರೂ, ತೇವಕ್ಕೆ ಹಿಡಿಯುವ ಬೂಷ್ಟಿನ ಅಫ್ಲಾಟಾಕ್ಸಿನ್ ಕಣ್ಣಿಗೆ ಕಾಣದೆ ಯಕೃತ್ತನ್ನು ಕೆಡಿಸುತ್ತದೆ.

ಮುನ್ನನಿಗೆ ಗರಿ ಉದುರುವ ಕಾಲ. ತಲೆಯ ಮೇಲೆ ಹೊಸ ಗರಿಗಳು ಮುಳ್ಳಿನಂತೆ ಎದ್ದಿವೆ, ಕೆರೆದುಕೊಳ್ಳಲು ಅವನ ಕೊಕ್ಕು ನಿಲುಕದು. ಇವತ್ತು ತೆನೆ ಮುಗಿದ ಮೇಲೂ ಸರಳಿನ ಪಕ್ಕದಲ್ಲೇ ನಿಂತ. ತಲೆ ಬಗ್ಗಿಸಿದ. ಒಂದು ಬೆರಳು ತಾಗಿಸಿದೆ. ಓಡಲಿಲ್ಲ. ಗರಿಯ ಬುಡದ ಬಿಳಿ ಹೊಟ್ಟು ಉದುರುವ ಹಾಗೆ ಮೆಲ್ಲಗೆ ಉಜ್ಜಿದೆ. ಕಣ್ಣು ಮುಚ್ಚಿ ತಲೆಯನ್ನು ಅತ್ತಿತ್ತ ತಿರುಗಿಸಿ ತನಗೆ ಬೇಕಾದ ಜಾಗ ತೋರಿಸಿದ. ಕೈ ನಡುಗುತ್ತಿತ್ತು, ಸಂತೋಷಕ್ಕೆ.

ಜನವರಿ 5, 2025, ಭಾನುವಾರ

ಜಿಲೇಬಿಗೆ ರೆಕ್ಕೆ ಬಂದಿದೆ. ಬರುವಾಗ ಎರಡೂ ಕಡೆಯ ದೊಡ್ಡ ಗರಿಗಳನ್ನು ಕತ್ತರಿಸಲಾಗಿತ್ತು. ಕತ್ತರಿಸಿದ ಗರಿ ಬೆಳೆಯುವುದಿಲ್ಲ; ಅದು ಉದುರಿ ಹೊಸದು ಹುಟ್ಟಬೇಕು. ಕಚ್ಚುವವನು ಮುನ್ನ, ಅಳುಕುವವಳು ಜಿಲೇಬಿ ಎಂದು ನಾವು ಅಂದುಕೊಂಡಿದ್ದೆವಲ್ಲ, ಆ ಅಳುಕಿನ ಅರ್ಧ ಪಾಲು ಹಾರಿ ತಪ್ಪಿಸಿಕೊಳ್ಳಲಾಗದ ಅಸಹಾಯಕತೆಯೇ ಇರಬೇಕು. ಬೇಡವಾದರೆ ದೂರ ಹೋಗಬಲ್ಲೆ ಎಂದಾದ ಮೇಲೆ ಹತ್ತಿರ ಬರುತ್ತಿದ್ದಾಳೆ. ಇನ್ನು ಈ ಮನೆಯಲ್ಲಿ ಯಾರ ರೆಕ್ಕೆಗೂ ಕತ್ತರಿ ಇಲ್ಲ. ಕಿಟಕಿಗಳಿಗೆ ಜಾಲರಿ ಹಾಕಿಸಿದ್ದಾಯಿತು.

ಮೊದಲ ಹಾರಾಟ ಬೀರುವಿನ ತುದಿಗೆ. ಅಲ್ಲಿಂದ ಅಮ್ಮನ ಹೆಗಲಿಗೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿ ಹಾಗೇ ಬಿಟ್ಟು, ಉಸಿರು ಬಿಗಿಹಿಡಿದು ಕೂತಳು.

ಜನವರಿ 19, ಭಾನುವಾರ

ಹಿಂದಿನ ಬೀದಿಯಲ್ಲಿ ಒಣಗಿದ ತೆಂಗಿನ ಮರ ಕಡಿದಾಗ ಪೊಟರೆಯಿಂದ ಗಿಳಿಮರಿಗಳು ಬಿದ್ದಿವೆ. ನಮ್ಮ ಹಸಿರು ಗಿಳಿಯ ಮರಿಗಳು, ಗರಿ ಇನ್ನೂ ಪೂರ್ತಿ ಮೂಡಿಲ್ಲ. ಗಿಳಿ ಸಾಕುವವರ ಮನೆ ಎಂದು ಡಬ್ಬದಲ್ಲಿ ನಮಗೇ ತಂದರು. ಪೊಟರೆ ಉಳಿದಿದ್ದರೆ ಅಲ್ಲಿಗೇ ಮರಳಿಸಿದರೆ ಸಾಕಿತ್ತು, ತಾಯಿ ತಂದೆ ನೋಡಿಕೊಳ್ಳುತ್ತಿದ್ದವು. ಮರವೇ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿ, ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ತಲುಪಿಸಿ ಬಂದೆವು.

"ನೀವು ಸಾಕಬಹುದು, ನಾವು ಸಾಕಬಾರದಾ?" ಎಂದು ಪಕ್ಕದ ಮನೆಯ ಹುಡುಗ ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೂರಿಸಿಕೊಂಡು ಹೇಳಿದೆ. ಹಸಿರು ಗಿಳಿಯ ಮನೆ ಇಲ್ಲೇ ಇದೆ, ನಮ್ಮ ಮಾವಿನ ತೋಪು, ಅಂಬಾಜಿ ದುರ್ಗದ ಬಂಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಮುನ್ನ, ಜಿಲೇಬಿಯರ ವಂಶ ತಲೆತಲಾಂತರದಿಂದ ಪಂಜರದಲ್ಲೇ ಬೆಳೆದದ್ದು, ಇಲ್ಲಿ ಹೊರಗೆ ಬಿಟ್ಟರೆ ಎರಡು ದಿನ ಬದುಕುವುದಿಲ್ಲ. ಆಫ್ರಿಕನ್ ಗ್ರೇ, ಕನ್ಯೂರ್ ಮುಂತಾದ ಹೊರನಾಡಿನ ಗಿಳಿಗಳನ್ನು 2024ರ ಫೆಬ್ರವರಿಯ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಹುಡುಗ ಸಪ್ಪಗಾದ. ಭಾನುವಾರಗಳಲ್ಲಿ ಬಂದು ಮುನ್ನನಿಗೆ ನವಣೆ ಹಿಡಿಯಬಹುದು ಎಂದೆ. ಮುಖ ಅರಳಿತು.

ಫೆಬ್ರವರಿ 9, ಭಾನುವಾರ

ನಿನ್ನೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಇಬ್ಬರನ್ನೂ ತೋರಿಸಿ ಬಂದೆವು. ಮುನ್ನ 96 ಗ್ರಾಂ, ಜಿಲೇಬಿ 91. ಜಿಲೇಬಿ ಈಗೀಗ ಬೀರುವಿನ ಕೆಳಗಿನ ಕತ್ತಲಿಗೆ ನುಗ್ಗುತ್ತಾಳೆ, ಮೊಟ್ಟೆಗೆ ಜಾಗ ಹುಡುಕುವ ಲಕ್ಷಣ. ಆ ಸಂದಿಗೆ ಹಲಗೆ ಹೊಡೆಸಬೇಕು, ಸುಣ್ಣದಂಶಕ್ಕೆ ಕಟಲ್ ಮೀನಿನ ಮೂಳೆ ಕಟ್ಟಬೇಕು, ಸಂಜೆ ಬೇಗ ಮಬ್ಬು ಮಾಡಿ ಹನ್ನೆರಡು ಗಂಟೆ ನಿದ್ದೆ ಕೊಡಬೇಕು.

ಮುನ್ನ ಇನ್ನೂ ಸಿಳ್ಳೆ ಹಾಕುತ್ತಾನಾ ಎಂದು ಜರ್ಮನಿಯಿಂದ ಆ ಹುಡುಗಿ ಕೇಳಿದ್ದಳು. ನಾಲ್ಕು ಗಂಟೆಯ ಸಿಳ್ಳೆಯನ್ನು ಫೋನಿನಲ್ಲಿ ಹಿಡಿದು ಕಳಿಸಿದೆ. ಕೇಳಿ ತಕ್ಷಣ ಫೋನ್ ಮಾಡಿದಳು: ಮೂರು ಸ್ವರ ನನ್ನದೇ, ಅದಾದ ಮೇಲೆ ಬೇರೆ ಏನೋ ಸೇರಿಸುತ್ತಿದ್ದಾನೆ, ಅದೇನು? ನಾನೂ ಮತ್ತೊಮ್ಮೆ ಕೇಳಿದೆ. "ರಾ ತಲ್ಲೀ"ಯ ಧಾಟಿ ಅದು. ಅಮ್ಮ ಫೋನ್ ಕಿತ್ತುಕೊಂಡು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅದರ ಕಥೆಯನ್ನೆಲ್ಲ ಹೇಳಿದಳು. ಆ ಮಗು ಕೇಳುತ್ತಲೇ ಇತ್ತು. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಬರುತ್ತಾಳಂತೆ. ಚಿಂತಾಮಣಿಗೂ ಬರಬೇಕೆಂದು ಅಮ್ಮ ಮಾತು ತೆಗೆದುಕೊಂಡಿದ್ದಾಳೆ. ಅಷ್ಟರೊಳಗೆ ಸೀಬೆ ಕೊಂಬೆ ತಂದು ಹೊಸ ಕೂರುಕೋಲು ಮಾಡಿಸಬೇಕು, ಪಂಜರವನ್ನು ಪಡಸಾಲೆಯ ತಂಪಿನ ಮೂಲೆಗೆ ಬದಲಿಸಬೇಕು.