ಶಂಷಾಬಾದಿನ ಆ್ಯಕ್ಟಿವಾ

ಜವಾನನೆಂದು ನಂಬಿ ಮೋಸಹೋದೆ ಅಂತಲೇ ಕಾಚಿಗುಡದ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಕೇಳಿದವರು ಪಾಪ, ಮರುಗಿದ್ದಾರೆ. ಅದರಲ್ಲಿ ಅರ್ಧ ಸುಳ್ಳು.

ಮಗಳ ಕಾಲೇಜಿಗೆಂದು ಹಳೇ ಗಾಡಿ ಹುಡುಕುತ್ತಿದ್ದೆ. ಸೆಕೆಂಡ್‌ಹ್ಯಾಂಡ್ ಆ್ಯಪ್ ಒಂದರಲ್ಲಿ ಹೊಸದರ ಹಾಗೇ ಇದ್ದ ಆ್ಯಕ್ಟಿವಾ ಕಣ್ಣಿಗೆ ಬಿತ್ತು, ಬೆಲೆ 24,000. ಅಂಥದ್ದಕ್ಕೆ ಉಳಿದವರು ಐವತ್ತರ ಮೇಲೆ ಕೇಳುತ್ತಿದ್ದರು. ಮಾರುವವನು ತಾನು ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಸಿಐಎಸ್‌ಎಫ್ ಜವಾನ, ಜಮ್ಮುವಿಗೆ ವರ್ಗವಾಗಿದೆ ಎಂದ. ಕೇಳಿದ ಕೂಡಲೇ ನನಗೆ ಹೊಳೆದದ್ದು, ಹೊರಡುವ ಅವಸರದಲ್ಲಿದ್ದಾನೆ, ಇನ್ನಷ್ಟು ಜಗ್ಗಬಹುದು ಎಂದು. ಜಗ್ಗಿ 22,000ಕ್ಕೆ ಇಳಿಸಿದೆ. ಚೌಕಾಸಿಯಲ್ಲಿ ಗೆದ್ದವನಿಗೆ ಅನುಮಾನ ಎಲ್ಲಿಂದ ಬರಬೇಕು?

ಆ ವೇಷದ ಜಾಣತನ ಈಗ ಅರ್ಥವಾಗುತ್ತದೆ. ಇಷ್ಟು ಅಗ್ಗ ಯಾಕೆ? ವರ್ಗವಾಗಿದೆ. ಗಾಡಿ ಯಾಕೆ ತೋರಿಸುವುದಿಲ್ಲ? ಕ್ಯಾಂಪಿನೊಳಗೆ ಹೊರಗಿನವರನ್ನು ಬಿಡುವುದಿಲ್ಲ. ತೆಲುಗು ಯಾಕೆ ಬಾರದು? ಉತ್ತರದ ಕಡೆಯವನು. ನಾನು ಬಾಯಿ ಬಿಡುವ ಮೊದಲೇ ಖಾಕಿ ಎಲ್ಲಕ್ಕೂ ಉತ್ತರ ಕೊಟ್ಟಾಗಿತ್ತು. ಗುರುತಿನ ಚೀಟಿ, ಆರ್‌ಸಿ ವಾಟ್ಸಾಪಿಗೆ ಬಂದವು. ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಅದೂ ಸರಿ. ಹಿಂದೆ ಬಲೆಗೆ ಬಿದ್ದವರ ಅಸಲಿ ಕಾಗದಗಳನ್ನೇ ಮುಂದಿನವರಿಗೆ ತೋರಿಸುತ್ತಾರೆಂಬುದು ಆಗ ತಿಳಿದಿರಲಿಲ್ಲ.

ಮೊದಲು ಗೇಟ್‌ಪಾಸಿಗೆಂದು 2,150. ಆಮೇಲೆ ಆರ್ಮಿ ಪಾರ್ಸೆಲ್ಲಿಗೆ, ಜಿಎಸ್‌ಟಿಗೆ. ಸಿಐಎಸ್‌ಎಫ್ ಇರುವುದು ಗೃಹ ಸಚಿವಾಲಯದ ಕೆಳಗೆ, ಅವನಿಗೆ ಆರ್ಮಿ ಪಾರ್ಸೆಲ್ ಎಲ್ಲಿಂದ ಬಂತೆಂದು ಕೇಳಬೇಕಿತ್ತು. ಪ್ರತಿ ಸಲವೂ ‘ರಿಫಂಡೇಬಲ್ ಹೈ ಸರ್’ ಎನ್ನುತ್ತಿದ್ದ. ಕೊಟ್ಟದ್ದು ಮುಳುಗಬಾರದೆಂದು ಮತ್ತೆ ಕೊಟ್ಟೆ. ಕೊನೆಗೆ, ಹಣ ವಾಪಸ್ ಹಾಕುತ್ತೇನೆಂದು ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಬೇಕಿಲ್ಲ. ಬ್ಯಾಂಕಿನ ಮೆಸೇಜುಗಳಲ್ಲಿ ಎಷ್ಟೋ ಸಲ ಓದಿದ್ದೆ. ಇನ್ನೂ 9,000 ಹೋಯಿತು.

ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಮರುದಿನ, ಅದೂ ಹೆಂಡತಿ ಬೈದ ಮೇಲೆ. ನಾಚಿಕೆಯಲ್ಲಿ ಒಂದು ರಾತ್ರಿ ಕಳೆದಿದ್ದೆ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಿಳಿಸಿದರೆ ತಡೆಹಿಡಿಯುವ ದಾರಿಯಾದರೂ ಇರುತ್ತದೆ. ಇಂಥ ಕರೆಗಳ ಜಾಡು ಹಿಡಿದು ಇಲ್ಲಿಯ ಪೊಲೀಸರು ರಾಜಸ್ಥಾನದ ಭರತ್‌ಪುರದ ತನಕ ಹೋಗಿ ಹಿಡಿದು ತಂದದ್ದುಂಟು. ನನ್ನ ಹಣ ಮಾತ್ರ ಬರಲಿಲ್ಲ.

ಮಗಳು ಜಾಹೀರಾತಿನ ಫೋಟೊ ಹಿಗ್ಗಿಸಿ ತೋರಿಸಿದಳು. ಗಾಡಿಯ ಹಿಂದೆ ಚಹಾದಂಗಡಿ, ಅದರ ಬೋರ್ಡು ಗುಜರಾತಿಯಲ್ಲಿತ್ತು. “ಅಪ್ಪಾ, ಶಂಷಾಬಾದಲ್ಲಿ ಗುಜರಾತಿ ಬೋರ್ಡ್ ಯಾರು ಹಾಕ್ತಾರೆ?” ಟಯರು, ಸೀಟು, ಕನ್ನಡಿ ಎಲ್ಲ ಹೀಗೇ ಹಿಗ್ಗಿಸಿ ನೋಡಿದ್ದವನು ನಾನು.

ದೂರು ಕೊಟ್ಟ ಮೇಲೆ ಜಾಹೀರಾತು ತೆಗೆದರು. ಕೆಲವು ದಿನಗಳಲ್ಲೇ ಅದೇ ಗಾಡಿ, ಅದೇ ಚಹಾದಂಗಡಿ ಮತ್ತೆ ಬಂತು. ಈ ಸಲ ಊರು ಮೆಹದಿಪಟ್ನಂ, ಬೆಲೆ 21,500, ವರ್ಗ ಲೇಹ್‌ಗೆ.