ಸೋಮವಾರದ ಮಕ್ಕಳು

ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದ ನಾನು ಈಗ ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿರುವೆನೆಂದು ತಿಳಿದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನಕ್ಕಿದ್ದುಂಟು. "ಬೀಜಗಣಿತ ಬಿಟ್ಟು ಹುಣಸೆ ಬೀಜಕ್ಕೆ ಬಂದಿರಾ ಮಿಸ್?" ಎಂದು ಒಬ್ಬ ಕೇಳಿದ. ಬಂದಿದ್ದೇನೆ. ಈ ಬೀಜಗಳ ಲೆಕ್ಕವೇ ಹೆಚ್ಚು ಕಠಿಣವೆಂದು ಈಗ ಅನಿಸುತ್ತಿದೆ.

ಬೆಂಗಳೂರಿನ ಮಾಗಡಿ ರಸ್ತೆಯ ಸಮೀಪದ ಕೊಳೆಗೇರಿಯೊಂದರ ಸಮುದಾಯ ಭವನದಲ್ಲಿ ಸಂಜೆ ಐದರಿಂದ ಆರೂವರೆಯವರೆಗೆ ನಮ್ಮ ಪಾಠ. ಇಪ್ಪತ್ತೆರಡು ಮಕ್ಕಳು. ತಂದೆಯರಲ್ಲಿ ಗಾರೆ ಕೆಲಸದವರು, ಹಮಾಲರು, ಆಟೋ ಓಡಿಸುವವರಿದ್ದಾರೆ. ತಾಯಂದಿರು ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ ಹೋಗುತ್ತಾರೆ. ಅನೇಕರಿಗೆ ಶನಿವಾರ ಬಟವಾಡೆ. ಅಂದು ರಾತ್ರಿಯಿಂದ ಭಾನುವಾರದ ತನಕ ಕೆಲವು ಮನೆಗಳಲ್ಲಿ ಕುಡಿತ, ಜಗಳ, ಹೊಡೆತ. ಒಮ್ಮೊಮ್ಮೆ ಬೀದಿಯಲ್ಲಿ ಮಚ್ಚು ಹಿಡಿದವರ ಓಡಾಟ. ಒಂದೇ ಕೋಣೆಯ ಮನೆಯಲ್ಲಿ ಮಗು ಇದಾವುದನ್ನೂ ಕಾಣದೆ ಇರಲು ಸಾಧ್ಯವಿಲ್ಲ.

ಇದರ ಲೆಕ್ಕ ಸೋಮವಾರ ಸಂಜೆ ನನ್ನ ಮುಂದೆ ಕುಳಿತಿರುತ್ತದೆ. ಶುಕ್ರವಾರ ಇಪ್ಪತ್ತರವರೆಗೆ ಸರಾಗವಾಗಿ ಎಣಿಸಿದ್ದ ಏಳು ವರ್ಷದ ಹುಡುಗಿಯೊಬ್ಬಳು ಒಂದು ಸೋಮವಾರ ಎಂಟಕ್ಕೇ ನಿಂತುಬಿಟ್ಟಳು. ಹೊರಗೆ ಯಾರೋ ಶಟರ್ ಎಳೆದ ಸದ್ದಿಗೆ ಇನ್ನೊಬ್ಬ ಹುಡುಗ ಮೇಜಿನಡಿ ಸರಿದ. ಇದು ದಡ್ಡತನವಲ್ಲ, ಸೋಮಾರಿತನವೂ ಅಲ್ಲ. ಬಿ.ಎಡ್. ಓದುವಾಗ ಮಾಸ್ಲೋ ಹೇಳಿದ ಅಗತ್ಯಗಳ ಶ್ರೇಣಿಯನ್ನು ತ್ರಿಕೋನವಾಗಿ ಬರೆದು ಅಂಕ ಪಡೆದಿದ್ದೆವು. ಅನ್ನ, ನಿದ್ರೆಗಳ ಮೇಲಿನ ಮೆಟ್ಟಿಲೇ ಸುರಕ್ಷತೆ. ಆ ಮೆಟ್ಟಿಲು ಕುಸಿದರೆ ಮಗು ಹೇಗಿರುತ್ತದೆಂಬುದನ್ನು ಇಲ್ಲಿ ಕಣ್ಣಾರೆ ಕಾಣುತ್ತಿದ್ದೇನೆ.

ಇದು ನಮ್ಮೂರಿನ ಕಥೆಯಷ್ಟೇ ಅಲ್ಲ. ಅಮೆರಿಕದ ಷಿಕಾಗೊ ನಗರದ ಆಫ್ರಿಕನ್-ಅಮೆರಿಕನ್ ಮಕ್ಕಳನ್ನು ಕುರಿತು ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಯ ಆಸುಪಾಸಿನಲ್ಲಿ ಕೊಲೆ ನಡೆದ ಒಂದು ವಾರದೊಳಗೆ ಓದು ಮತ್ತು ಶಬ್ದಜ್ಞಾನದ ಪರೀಕ್ಷೆಗೆ ಕುಳಿತ ಮಕ್ಕಳು, ಅದೇ ಬಡಾವಣೆಯಲ್ಲಿ ಬೇರೆ ಸಮಯದಲ್ಲಿ ಪರೀಕ್ಷಿಸಲ್ಪಟ್ಟ ಮಕ್ಕಳಿಗಿಂತ ಕಡಿಮೆ ಅಂಕ ಗಳಿಸಿದ್ದರು. ಕೊಲೆಯನ್ನು ಮಗು ಕಣ್ಣಾರೆ ಕಂಡಿರಬೇಕೆಂದೇನೂ ಇರಲಿಲ್ಲ; ಬೀದಿಯ ಭಯವೇ ಸಾಕಾಗಿತ್ತು. ಅದನ್ನು ಓದಿದಾಗ ನನಗೆ ನಮ್ಮ ಸೋಮವಾರಗಳೇ ನೆನಪಾದವು.

ಆದ್ದರಿಂದ ಸೋಮವಾರ ನಾನು ಹೊಸ ಪಾಠ ತೆಗೆಯುವುದಿಲ್ಲ. ಜೇಡಿಮಣ್ಣು, ಹಾಡು, ಹುಣಸೆ ಬೀಜ ಇಷ್ಟೇ. ನಿದ್ದೆ ಬಂದವರು ಚಾಪೆಯ ಮೇಲೆ ಮಲಗಬಹುದು. ಆ ಹುಡುಗಿಯನ್ನು ನಾನು ಏನೂ ಕೇಳಲಿಲ್ಲ. ಬೀಜಗಳನ್ನು ಹತ್ತರ ಗುಡ್ಡೆಗಳಾಗಿ ಮಾಡಲು ಹೇಳಿ ಪಕ್ಕದಲ್ಲಿ ಕುಳಿತೆ. ನಾಲ್ಕನೆಯ ಗುಡ್ಡೆ ಮುಗಿದಾಗ ತಲೆಯೆತ್ತದೆ, "ಅಪ್ಪ ಅಮ್ಮನ ಕೈ ಮುರಿದ, ಮಿಸ್" ಎಂದಳು. ಐದನೆಯ ಗುಡ್ಡೆಗೆ ಕೈ ಹಾಕಿದಳು. ಅಂದು ರಾತ್ರಿಯೇ 1098, ಮಕ್ಕಳ ಸಹಾಯವಾಣಿಗೆ ಕರೆ ಮಾಡಿದೆ. ತಾಯಿ ಮಗಳು ಈಗ ಅಜ್ಜಿಯ ಮನೆಯಲ್ಲಿದ್ದಾರೆ. ಮುಂದೇನಾಗುವುದೋ ಬಲ್ಲವರಾರು?

ಮನೆಯ ಹೊಡೆತವನ್ನು ನಿಲ್ಲಿಸುವ ಶಕ್ತಿ ಬಹಳ ಸಲ ಶಿಕ್ಷಕರಿಗಿಲ್ಲ. ಅದಕ್ಕೆ ನಮ್ಮದೊಂದು ಏಟನ್ನು ಸೇರಿಸದಿರುವ ಶಕ್ತಿಯಂತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೊಡೆತ ಕಂಡು ಬಂದ ಮಗುವಿಗೆ ಗದರಿಕೆಯೂ ಬೆತ್ತದಷ್ಟೇ ನೋಯಿಸುತ್ತದೆ.

ಇನ್ನೊಂದು ಮಾತು. ಇಂಥ ಮಕ್ಕಳ ಬದುಕಿನಲ್ಲಿ ಹೇಳಿದಂತೆ ನಡೆಯುವ ಸಂಗತಿಗಳು ಕಡಿಮೆ. ನಾಳೆ ಬರಲಾಗದಿದ್ದರೆ ನಾನು ಇಂದೇ ಹೇಳುತ್ತೇನೆ. ಐದು ಗಂಟೆಯೆಂದರೆ ಐದಕ್ಕೇ ಬಾಗಿಲು ತೆರೆದಿರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ತರಗತಿಯಲ್ಲಿ ಮಂಕಾಗಿ ಕುಳಿತ ಮಗುವನ್ನು ಕಂಡಾಗ "ಯಾಕೆ ಓದಿಲ್ಲ?" ಎನ್ನುವ ಮೊದಲು, "ಊಟ ಆಯಿತೇ, ನಿದ್ದೆ ಬಂತೇ?" ಎಂದು ಮೆಲ್ಲಗೆ ಕೇಳಿರಿ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಕಾಯಿರಿ.